ನಡುಹಗಲಿಗೆ ಮಲಗುತ್ತಿದ್ದ ಇನ್ವರ್ಟರ್: ನನ್ನ ಅನುಭವ

ಚಾವಣಿಯ ಸೋಲಾರ್ ಪ್ಯಾನೆಲ್ ಕೆಟ್ಟಿದೆ ಎಂದರು, ಅದರ ಕರೆಂಟನ್ನು ಮನೆಗೂ ಹೊರಗಿನ ಲೈನಿಗೂ ಕಳಿಸುವ ಇನ್ವರ್ಟರ್ ಕೆಟ್ಟಿದೆ ಎಂದರು, ಕೊನೆಗೆ ನನ್ನ ಹಣೆಬರಹವೇ ಕೆಟ್ಟಿದೆ ಎಂದು ಭಾವ ತೀರ್ಪು ಕೊಟ್ಟರು. ಕೆಟ್ಟಿದ್ದದ್ದು ವೈರು. ಈ ಸಲದ ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಒಮ್ಮೆಯೂ ಟ್ರಿಪ್ ಆಗದೆ ಕಳೆದವು. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಆಲ್ದೂರಿನಿಂದ ಒಳಗೆ, ಕಾಫಿ ತೋಟದ ನಡುವೆ ನಮ್ಮ ಮನೆ. 2024ರ ಕೊನೆಗೆ ಐದು ಕಿಲೋವಾಟ್ ಸೋಲಾರ್ ಹಾಕಿಸಿದೆ, ಸಿಂಗಲ್ ಫೇಸ್. ಮೂರು ಲಕ್ಷದ ಆಸುಪಾಸು ಹೋಯಿತು. ಕೇಂದ್ರದ ಸೂರ್ಯ ಘರ್ ಯೋಜನೆಯ ಸಬ್ಸಿಡಿ 78,000 ಆಮೇಲೆ ಖಾತೆಗೆ ಬಂತು. "ಗೃಹಜ್ಯೋತಿಯಲ್ಲಿ 200 ಯೂನಿಟ್ ಬಿಟ್ಟಿ ಸಿಗುವಾಗ ಇದೆಲ್ಲ ಯಾಕೆ ಮಾರಾಯ?" ಎಂದು ಭಾವ ಆಗಲೇ ಕೇಳಿದ್ದರು. ಬಾವಿಯ ಮೋಟಾರು, ಗೀಸರು, ತೋಟದ ಆಳುಗಳ ಲೈನ್ ಮನೆಗಳು ಎಲ್ಲ ಸೇರಿ ನಮ್ಮದು 200 ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ಲು.

ಮೋಡವಿದ್ದ ದಿನ ಇನ್ವರ್ಟರ್ ಸರಾಗವಾಗಿ ಓಡುತ್ತಿತ್ತು. ಬಿಸಿಲು ಚುರುಗುಟ್ಟಿದ ದಿನ ಹನ್ನೊಂದೂವರೆಗೆ ಕೆಂಪು ದೀಪ, ಓವರ್ ವೋಲ್ಟೇಜ್, ಅಂದರೆ ವೋಲ್ಟೇಜ್ ಮಿತಿ ಮೀರಿತೆಂದು ಮಲಗುವುದು. ಐದು ನಿಮಿಷಕ್ಕೆ ತಾನೇ ಎದ್ದು ಮತ್ತೆ ಮಲಗುತ್ತಿತ್ತು. ಇಪ್ಪತ್ತು ಯೂನಿಟ್ ಬರಬೇಕಾದ ದಿನ ಹನ್ನೊಂದು ಬಂದರೆ ಹೆಚ್ಚು.

ಕಳೆದುಕೊಂಡ ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಯಾರೋ ಹೇಳಿದರೆಂದು ಹದಿನಾಲ್ಕು ಸಾವಿರ ಕೊಟ್ಟು ಸ್ಟೆಬಿಲೈಸರ್ ತಂದೆ. ಅದು ಕಾಯುವುದು ಮನೆಯೊಳಗಿನ ಸಾಮಾನನ್ನು, ಹೊರಗೆ ಹೋಗುವ ಕರೆಂಟನ್ನಲ್ಲ ಎಂಬುದು ನನ್ನಂಥವನಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಹಾಕಿದವರು ಇನ್ವರ್ಟರನ್ನೇ ಬದಲಿಸಿದರು, ಅದೂ ಅದೇ ಹೊತ್ತಿಗೆ ಮಲಗಿತು. ಆಮೇಲೆ ನಾನು ಮಾಡಿದ ದೊಡ್ಡ ಮೂರ್ಖತನವೆಂದರೆ ಸೆಟ್ಟಿಂಗ್‌ನಲ್ಲಿ ವೋಲ್ಟೇಜ್ ಮಿತಿಯನ್ನು ಏರಿಸಿದ್ದು. ಎರಡು ದಿನ ಟ್ರಿಪ್ ಇಲ್ಲ, ಮನೆಯಲ್ಲಿ ಹಬ್ಬ. ಮೂರನೆಯ ದಿನ ಬೋರ್ಡಿನಲ್ಲಿ 268 ವೋಲ್ಟ್ ಇತ್ತು, ಲೈನ್ ಮನೆಗಳಲ್ಲಿ ಏಳು ಬಲ್ಬು ಹೋದವು, ನಮ್ಮ ಫ್ರಿಡ್ಜಿನ ಬೋರ್ಡೂ ಹೋಯಿತು. ಮೂರೂವರೆ ಸಾವಿರ ತೆತ್ತು ಮಿತಿಯನ್ನು ಹಳೆಯ ಜಾಗಕ್ಕೆ ಇಳಿಸಿದೆ. ನೀವು ಆ ದಾರಿ ಹಿಡಿಯಬೇಡಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಪ್ಯಾನೆಲ್ ಕಾದರೆ ಉತ್ಪಾದನೆ ಇಳಿಯುತ್ತದಲ್ಲ, ಹಾಗಾಗಿ ತೋಟದ ಹಳೆಯ ಸ್ಪ್ರಿಂಕ್ಲರ್ ತಲೆಯೊಂದನ್ನು ಚಾವಣಿಗೆ ಏರಿಸಿ ನೀರು ಹೊಡೆಸಿದೆ. ಉತ್ಪಾದನೆ ಏರಿದ್ದು ನಿಜ. ಆದರೆ ಏರಿದ್ದರಿಂದಲೇ ಟ್ರಿಪ್ ಕಾಲು ಗಂಟೆ ಮುಂಚೆ ಆಯಿತು! ನಕ್ಕು ಕೆಳಗಿಳಿದೆ, ಗುಟ್ಟು ಸಿಕ್ಕಿದ್ದೂ ಅಲ್ಲೇ: ಹೊರಗೆ ನೂಕುವ ಕರೆಂಟು ಹೆಚ್ಚಿದಷ್ಟೂ ವೋಲ್ಟೇಜ್ ಏರುತ್ತಿತ್ತು.

ಮರುದಿನ ಹನ್ನೆರಡಕ್ಕೆ ಕಂಬದ ಪಕ್ಕದ ಗೌಡರ ಮನೆಯಲ್ಲಿ ಮಗನನ್ನು ವೋಲ್ಟೇಜ್ ಅಳೆಯುವ ಮೀಟರ್ ಕೊಟ್ಟು ನಿಲ್ಲಿಸಿದೆ, ನಾನು ನಮ್ಮ ಬೋರ್ಡಿನ ಮುಂದೆ, ಇಬ್ಬರ ಕಿವಿಯಲ್ಲೂ ಫೋನು. ಅಲ್ಲಿ 241, ಇಲ್ಲಿ 263. ಇನ್ವರ್ಟರ್ ಆರಿಸಿದರೆ ಎರಡೂ ಕಡೆ 239ರ ಹತ್ತಿರ. ಇಪ್ಪತ್ತೆರಡು ವೋಲ್ಟ್ ನಡುವಿನ ಅರವತ್ತು ಮೀಟರಿನಲ್ಲೇ ಹುಟ್ಟುತ್ತಿತ್ತು. ನಮ್ಮಪ್ಪನ ಕಾಲದ ನಾಲ್ಕು ಚದರ ಮಿಲಿಮೀಟರ್ ಅಲ್ಯೂಮಿನಿಯಂ ಸರ್ವಿಸ್ ವೈರು ಅದು. ನಾಲ್ಕು ಬಲ್ಬು, ಒಂದು ರೇಡಿಯೋಗೆ ಎಳೆದದ್ದು, ಅದರಲ್ಲಿ ಇಪ್ಪತ್ತೊಂದು ಆಂಪಿಯರ್ ಹಿಂದಕ್ಕೆ ನೂಕುತ್ತಿದ್ದೆ.

ವಿದ್ಯುತ್ ಕಚೇರಿಗೆ ಕೊಟ್ಟ ಅರ್ಜಿ ಎರಡೂವರೆ ತಿಂಗಳು ಮಲಗಿತು. "ಲೈನ್ ಸರಿಯಿದೆ, ನಿಮ್ಮ ಇನ್ವರ್ಟರೇ ಸರಿಯಿಲ್ಲ" ಎಂಬ ಉತ್ತರ ಬಂತು. ಕೊನೆಗೆ ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆರಿಸಿ ಕೆಲಸ ಮಾಡಲು ಅನುಮತಿ) ಪಡೆದು ಕಂಬ ಹತ್ತಿದರು. ನ್ಯೂಟ್ರಲ್ ಜಾಯಿಂಟ್ ಬಿಚ್ಚಿ ಕೆಳಗೆ ಹಾಕಿದಾಗ ನೋಡಿದೆ: ತಾಮ್ರದ ಮೇಲೆ ಅಲ್ಯೂಮಿನಿಯಂ ಸುತ್ತಿ ಬಿಟ್ಟಿದ್ದಾರೆ, ಮೇಲೆ ಸುಣ್ಣದಂಥ ಬಿಳಿ ಪುಡಿ, ಒಳಗೆ ಕಪ್ಪು ಗುಳಿಗಳು, ಉಗುರು ತಾಗಿಸಿದರೆ ಎಳೆ ಮುರಿಯುತ್ತಿತ್ತು. ಹದಿನಾರು ಚದರ ಮಿಲಿಮೀಟರಿನ ಕೇಬಲ್ಲನ್ನು ನಾನೇ ತಂದುಕೊಟ್ಟೆ. ಎಂಟು ಸಾವಿರ ಚಿಲ್ಲರೆ, ಗುಂಡಿ ತೆಗೆದವರಿಗೆ ಮೂರು ಸಾವಿರ. ಕೇಬಲ್ಲಿನ ತುದಿಗೆ ಲಗ್ ಎಂಬ ಲೋಹದ ಕೊಳವೆ ಒತ್ತುವ ಮುನ್ನ ನಾನು ಮಾಡುವ ಒಂದು ಕೆಲಸವಿದೆ, ಅದನ್ನು ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಮರುದಿನ ಹನ್ನೆರಡಕ್ಕೆ ಬೋರ್ಡಿನಲ್ಲಿ 246.

ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ನಮ್ಮದೇ 25 ಕೆವಿಎ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಸೇರಿದ ಇನ್ನೆರಡು ಮನೆಗಳು ಸೋಲಾರ್ ಹಾಕಿಸಿದವು, ನನ್ನ ಬೋರ್ಡು ಮತ್ತೆ 256 ತೋರಿಸತೊಡಗಿತು. ಈ ಸಲ ಕಂಬದಲ್ಲೇ ಏರುತ್ತಿತ್ತು. ಟಿಸಿಯ ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಟ್ಯಾಪ್ ಇಳಿಸೋಣವೆಂದರೆ ನಮ್ಮ ಟಿಸಿಗೆ ಟ್ಯಾಪೇ ಇಲ್ಲ. ಲೈನ್‌ಮನ್ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ ಟಿಸಿಯ ಮೂರು ಫೇಸುಗಳಿದ್ದರೂ ಮೂರೂ ಮನೆ ಒಂದೇ ಫೇಸಿನ ಮೇಲೆ! ಎರಡು ಮನೆಗಳನ್ನು ಉಳಿದ ಫೇಸುಗಳಿಗೆ ಬದಲಿಸಲು ಅವರಿಗೆ ಹಿಡಿದದ್ದು ಅರ್ಧ ಗಂಟೆ, ಅದಕ್ಕೆ ಒಪ್ಪಿಸಲು ನನಗೆ ಹಿಡಿದದ್ದು ಐದು ವಾರ.

ಜೊತೆಗೆ ಬಾವಿಯ ಮೋಟಾರಿಗೆ, ಗೀಸರಿಗೆ ಟೈಮರ್ ಹಾಕಿ ಹನ್ನೊಂದೂವರೆಯಿಂದ ಒಂದೂವರೆವರೆಗೆ ಓಡಿಸುತ್ತೇನೆ. ಮಧ್ಯಾಹ್ನ ಕಾಯಿಸಿದ ನೀರಿನಲ್ಲಿ ರಾತ್ರಿ ಸ್ನಾನವೇ ಎಂದು ನನ್ನವಳು ಮುಖ ಸಿಂಡರಿಸಿದ್ದಳು. ಈಗ ಸುಮ್ಮನಿದ್ದಾಳೆ, ಟ್ಯಾಂಕಿಗೆ ದಪ್ಪ ಹೊದಿಕೆ ಸುತ್ತಿದ್ದೇನೆ. ಗೌಡರೂ ಹಿಟ್ಟಿನ ಗಿರಣಿಯನ್ನು ಸಂಜೆಯಿಂದ ನಡುಹಗಲಿಗೆ ತಂದರು. ಜುಲೈಯಲ್ಲಿ ಇದ್ಯಾವುದೂ ಬೇಕಿಲ್ಲ, ನಮ್ಮ ಮಳೆಯಲ್ಲಿ ಹೊರಗೆ ನೂಕುವಷ್ಟು ಕರೆಂಟೇ ಹುಟ್ಟುವುದಿಲ್ಲ.

ಭಾವ ಈಗ ಕೊಟ್ಟಿಗೆಹಾರದ ತಮ್ಮ ಮನೆಗೂ ಹಾಕಿಸಬೇಕು ಎನ್ನುತ್ತಿದ್ದಾರೆ. ಅವರ ಕಂಬ ಮನೆಯಿಂದ ನೂರು ಮೀಟರ್ ಆಚೆ ಇದೆ. ಪ್ಯಾನೆಲ್ ಆಮೇಲೆ, ಮೊದಲು ಕೇಬಲ್ಲಿನ ದುಡ್ಡು ಎಣಿಸಿಡಿ ಎಂದಿದ್ದೇನೆ.