ತಕ್ಕಡಿ ಆಮೇಲೆ, ಮೊದಲು ಟೇಪು: ಹಸಿವಿನ ಹಾರ್ಮೋನು ಹದಕ್ಕೆ ತರುವುದು ಹೇಗೆ?

ಮಧ್ಯಾಹ್ನ ಒಂದೂವರೆಗೆ ಹೊಟ್ಟೆ ತುಂಬ ಅನ್ನ, ಸಾರು ಉಂಡಿರುತ್ತೀರಿ. ನಾಲ್ಕೂವರೆಗೆಲ್ಲ ಬಾಯಿ ಮತ್ತೆ ಏನೋ ಕೇಳುತ್ತದೆ. ಒಂದು ಚಹಾ, ಎರಡು ಬಜ್ಜಿ. ಆಮೇಲೆ ‘ನನಗೆ ನಾಲಿಗೆ ಮೇಲೆ ಹಿಡಿತವೇ ಇಲ್ಲ’ ಅಂತ ನಿಮ್ಮನ್ನು ನೀವೇ ಬೈದುಕೊಳ್ಳುತ್ತೀರಿ. ಸುಮ್ನೆ ಬೈದುಕೊಳ್ಳಬೇಡಿ. ಹಸಿವು ಅನ್ನುವುದು ನಾಲಿಗೆಯದ್ದಷ್ಟೇ ಅಲ್ಲ. ಜಠರ, ಕರುಳು, ಕೊಬ್ಬು ಮೂರೂ ಹಾರ್ಮೋನುಗಳ ಮೂಲಕ ಮಿದುಳಿಗೆ ವರದಿ ಕಳಿಸುತ್ತಿರುತ್ತವೆ. ಈ ವರದಿ ಕೆಟ್ಟರೆ ತೂಕ ಏರುತ್ತದೆ. ತೂಕ ಏರಿದರೆ ವರದಿ ಇನ್ನೂ ಕೆಡುತ್ತದೆ. ಶುಗರ್, ಬಿಪಿ, ಫ್ಯಾಟಿ ಲಿವರ್ ಹೆಚ್ಚಾಗಿ ಇದೇ ದಾರಿಯಲ್ಲಿ ಬರುತ್ತವೆ. ಮನೆಯಲ್ಲೇ ಇದನ್ನು ಗುರುತಿಸುವುದು ಹೇಗೆ, ಸರಿಪಡಿಸಲು ಎಲ್ಲಿಂದ ಶುರು ಮಾಡುವುದು, ನೋಡೋಣ.

ಹೆಜ್ಜೆ 1: ಸೊಂಟ ಅಳೆಯಿರಿ

ಟೈಲರ್ ಟೇಪು ಸಾಕು. ಬೆಳಿಗ್ಗೆ ತಿಂಡಿಗೆ ಮುಂಚೆ, ಬಟ್ಟೆ ಸರಿಸಿ ನೇರವಾಗಿ ನಿಲ್ಲಿ. ಪಕ್ಕೆಲುಬು ಮುಗಿಯುವ ಜಾಗ ಮತ್ತು ಸೊಂಟದ ಮೂಳೆಯ ಮೇಲ್ತುದಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ. ಇವೆರಡರ ನಡುಮಧ್ಯೆ ಟೇಪು ಸುತ್ತಿ. ಉಸಿರು ಸಹಜವಾಗಿ ಹೊರಬಿಟ್ಟ ಮೇಲೆ ಓದಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ನಮ್ಮ ದೇಶದವರಿಗೆ ಇಟ್ಟಿರುವ ಗೆರೆ. ಹೊಟ್ಟೆ ಒಳಗೆಳೆದುಕೊಂಡು ಅಳೆಯಬೇಡಿ. ಮೊದಲ ಸಲ ನಾನು ಹಾಗೆ ಮಾಡಿ ಮೂರು ಸೆಂ.ಮೀ. ಲಾಭ ಮಾಡಿಕೊಂಡಿದ್ದೆ. ಪ್ಯಾಂಟಿನ ಸೈಜನ್ನೂ ನಂಬಬೇಡಿ. ಹೊಟ್ಟೆ ಬಂದವರ ಪ್ಯಾಂಟು ಹೊಟ್ಟೆಯ ಕೆಳಗೆ ಇಳಿದಿರುತ್ತದೆ, ಹಾಗಾಗಿ ಇಪ್ಪತ್ತು ವರ್ಷದಿಂದ ಸೈಜು 34ರಲ್ಲೇ ಇರುತ್ತದೆ.

ತೂಕ ನೋಡಿದರೆ ಸಾಲದೇ? ಸಾಲದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ಇದನ್ನು ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರಿಗೂ 22.3. ಆದರೆ ಮೈಯ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮಲ್ಲಿ ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರು ಎಷ್ಟು ಜನ ಇಲ್ಲ! ಇದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ವೈದ್ಯರು ಎಣಿಸುತ್ತ ಬಂದಿದ್ದಾರೆ. ಪಶ್ಚಿಮದ ದೇಶಗಳಲ್ಲಿ ಬೊಜ್ಜಿನ ಗೆರೆ 30.

ಚರ್ಮದ ಕೆಳಗಿನ ಕೊಬ್ಬು ಹೆಚ್ಚಾಗಿ ಗೋದಾಮಿನಂತೆ ತೆಪ್ಪಗಿರುತ್ತದೆ. ಹೊಟ್ಟೆಯೊಳಗೆ ಅಂಗಗಳ ಸುತ್ತ ಕೂತ ಕೊಬ್ಬು ಹಾಗಲ್ಲ. ಅದು ಬಿಡುವ ಕೊಬ್ಬಿನಾಮ್ಲ ನೇರ ಲಿವರ್‌ಗೆ ಹೋಗುತ್ತದೆ. ಲಿವರ್‌ನಲ್ಲೂ ಸ್ನಾಯುವಿನಲ್ಲೂ ಕೊಬ್ಬು ಸೇರುತ್ತ ಹೋದಂತೆ ಅವು ರಕ್ತದ ಸಕ್ಕರೆ ಇಳಿಸುವ ಹಾರ್ಮೋನಾದ ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ. ವರ್ಷಗಟ್ಟಲೆ ಹೀಗೆ ದುಡಿದು ಒಂದು ದಿನ ಅದಕ್ಕೂ ಸುಸ್ತಾಗುತ್ತದೆ. ರಿಪೋರ್ಟಿನಲ್ಲಿ ಶುಗರ್ ಕಾಣಿಸುವುದು ಆಗ. ಕಥೆ ಶುರುವಾಗಿದ್ದು ಬಹಳ ಹಿಂದೆ.

ಹೆಜ್ಜೆ 2: ಐದು ಅಂಕಿ ಬರೆದಿಡಿ

ಒಂದು ಚೀಟಿಯಲ್ಲಿ ಇಷ್ಟು ಬರೆಯಿರಿ. ಸೊಂಟ, ಮೇಲಿನ ಗೆರೆ ದಾಟಿದೆಯೇ? ಖಾಲಿ ಹೊಟ್ಟೆಯ ಶುಗರ್ 100 ಅಥವಾ ಜಾಸ್ತಿಯೇ? ರಕ್ತದಲ್ಲಿ ಓಡಾಡುವ ಕೊಬ್ಬಾದ ಟ್ರೈಗ್ಲಿಸರೈಡ್ 150 ಮುಟ್ಟಿದೆಯೇ? ಒಳ್ಳೆ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯೇ? ಬಿಪಿಯಲ್ಲಿ ಮೇಲಿನದು 130 ಅಥವಾ ಕೆಳಗಿನದು 85 ಮುಟ್ಟಿದೆಯೇ? ಐದರಲ್ಲಿ ಮೂರಕ್ಕೆ ‘ಹೌದು’ ಬಂದರೆ ವೈದ್ಯರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ಶುಗರ್‌ಗೋ ಬಿಪಿಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದೂ ‘ಹೌದು’ ಎಂದೇ ಲೆಕ್ಕ.

ಹಸಿವಿನ ಹಾರ್ಮೋನುಗಳಾದ ಲೆಪ್ಟಿನ್, ಗ್ರೆಲಿನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಹೆಚ್ಚಿನವರಿಗೆ ಅದರಿಂದ ಚಿಕಿತ್ಸೆಯೇನೂ ಬದಲಾಗುವುದಿಲ್ಲ.

ಹೆಜ್ಜೆ 3: ವರದಿಗಾರರ ಪರಿಚಯ ಮಾಡಿಕೊಳ್ಳಿ

ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಒಂದು ಜೀನ್ ಕಂಡುಹಿಡಿಯಿತು. ಅದು ಕೆಟ್ಟಿದ್ದ ಇಲಿಗಳು ಎಷ್ಟು ತಿಂದರೂ ಸಾಕು ಅನ್ನುತ್ತಿರಲಿಲ್ಲ, ಚೆಂಡಿನಂತೆ ದಪ್ಪಗಾಗುತ್ತಿದ್ದವು. ಆ ಜೀನ್ ತಯಾರಿಸುವ ಹಾರ್ಮೋನೇ ಲೆಪ್ಟಿನ್. ‘ದಾಸ್ತಾನು ಇಷ್ಟಿದೆ’ ಅಂತ ಕೊಬ್ಬು ಮಿದುಳಿಗೆ ಕಳಿಸುವ ಸುದ್ದಿ ಅದು. ಅಲ್ಲಿಯವರೆಗೆ ಕೊಬ್ಬು ಅಂದರೆ ಬರೀ ಶೇಖರಣೆ ಅಂತಿದ್ದ ಎಣಿಕೆ ಬದಲಾಯಿತು. ಹಾಗಾದರೆ ದಪ್ಪಗಿರುವವರಿಗೆ ಲೆಪ್ಟಿನ್ ಚುಚ್ಚಿದರೆ ಆಯಿತಲ್ವಾ? ಎಲ್ಲರಿಗೂ ಹಾಗೇ ಅನ್ನಿಸಿತ್ತು. ಆದರೆ ಅವರಲ್ಲಿ ಲೆಪ್ಟಿನ್ ಆಗಲೇ ಜಾಸ್ತಿ ಇತ್ತು, ಮಿದುಳು ಕಿವಿಗೊಡುತ್ತಿರಲಿಲ್ಲ ಅಷ್ಟೆ. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಅಪರೂಪದ ಮಕ್ಕಳಿಗೆ ಮಾತ್ರ ಅದು ದೊಡ್ಡ ಔಷಧವಾಯಿತು.

ಗ್ರೆಲಿನ್ ಸಿಕ್ಕಿದ್ದು 1999ರಲ್ಲಿ, ಜಪಾನಿನಲ್ಲಿ. ಇದು ಜಠರದ್ದು. ಊಟದ ಹೊತ್ತಿಗೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ದಿನಾ ಒಂದೇ ಹೊತ್ತಿಗೆ ತಿನ್ನುವವರಿಗೆ ಆ ಹೊತ್ತಿಗೇ ಹೊಟ್ಟೆ ಚುರುಗುಟ್ಟುವುದರಲ್ಲಿ ಇದರ ಕೈಯೂ ಇದೆ. ಕರುಳಿನಿಂದ ಬರುವ ಜಿಎಲ್‌ಪಿ-1 ‘ಸಾಕು’ ಅನ್ನುವವರ ಗುಂಪಿನದು. ಜೊತೆಗೆ ಇನ್ಸುಲಿನ್ ಬಿಡುಗಡೆಗೂ ನೆರವಾಗುತ್ತದೆ.

ಪಟ್ಟು ಹಿಡಿದು ಡಯಟ್ ಮಾಡುವವರು ಒಂದು ಅಧ್ಯಯನ ತಿಳಿದಿರಬೇಕು. ಆಸ್ಟ್ರೇಲಿಯಾದಲ್ಲಿ 50 ಜನರಿಗೆ 10 ವಾರ ಬಹಳ ಕಡಿಮೆ ಕ್ಯಾಲರಿ ಆಹಾರ ಕೊಟ್ಟು ತೂಕ ಇಳಿಸಿದರು. ಲೆಪ್ಟಿನ್ ಕುಸಿಯಿತು, ಗ್ರೆಲಿನ್ ಏರಿತು. ಒಂದು ವರ್ಷದ ನಂತರವೂ ಅವು ಹಳೆಯ ಮಟ್ಟಕ್ಕೆ ಬಂದಿರಲಿಲ್ಲ, ಹಸಿವೂ ಹೆಚ್ಚೇ ಇತ್ತು. 2011ರಲ್ಲಿ ಬಂದ ಈ ವರದಿ ಓದಿದ ಮೇಲೆ, ಮದುವೆಗೆ ಮುಂಚೆ 8 ಕೆ.ಜಿ. ಇಳಿಸಿ ಆಮೇಲೆ 10 ಏರಿಸಿಕೊಂಡವರನ್ನು ನಾನು ಗೇಲಿ ಮಾಡುವುದು ಬಿಟ್ಟೆ. ತೂಕ ಇಳಿಸಬೇಕಿದ್ದರೆ ನಿಧಾನಕ್ಕೆ, ಮುಂದೆಯೂ ನಡೆಸಿಕೊಂಡು ಹೋಗಬಲ್ಲ ಊಟದಿಂದ ಇಳಿಸಿ. 80 ಕೆ.ಜಿ. ಇದ್ದವರು 4 ಕೆ.ಜಿ. ಇಳಿಸಿ ಹಾಗೇ ಉಳಿಸಿಕೊಂಡರೂ ಶುಗರ್, ಟ್ರೈಗ್ಲಿಸರೈಡ್ ಸುಧಾರಿಸುತ್ತವೆ.

ಹೆಜ್ಜೆ 4: ಬಡಿಸುವ ಕ್ರಮ ಬದಲಿಸಿ

ಎಲೆ ಊಟದಲ್ಲಿ ಮೊದಲು ಏನು ಬಡಿಸುತ್ತಾರೆ? ಕೋಸಂಬರಿ, ಪಲ್ಯ. ಅನ್ನ ಆಮೇಲೆ. ನಾವು ಮಾತ್ರ ಅನ್ನ ಬರುವವರೆಗೆ ಅವನ್ನು ಮುಟ್ಟದೆ ಕಾಯುತ್ತೇವೆ. ಕಾಯಬೇಡಿ. ತರಕಾರಿ, ಬೇಳೆ ಮೊದಲು ತಿಂದು ಅನ್ನ ಕೊನೆಗೆ ತಿಂದರೆ ಊಟದ ನಂತರ ಶುಗರ್ ಏರುವುದು ಕಡಿಮೆ. ಇದು ಪರೀಕ್ಷೆ ಮಾಡಿ ನೋಡಿದ ಮಾತು. ಮನೆಯಲ್ಲಿ ಹೀಗೆ ಮಾಡಿ: ತಟ್ಟೆಗೆ ಮೊದಲು ಒಂದು ಬಟ್ಟಲು ಪಲ್ಯ, ಒಂದು ಬಟ್ಟಲು ಕಾಳಿನ ಉಸಲಿ ಅಥವಾ ಗಟ್ಟಿ ಹುಳಿ ಬರಲಿ. ಅದು ಅರ್ಧ ಖಾಲಿಯಾದ ಮೇಲೆ ಅನ್ನ ಹಾಕಿಕೊಳ್ಳಿ. ತಿಳಿಸಾರು ರುಚಿಗೆ ಸರಿ, ಅದರಲ್ಲಿ ಪ್ರೋಟೀನು ಹುಡುಕಬೇಡಿ. ಬೇಳೆ ತಳದಲ್ಲಿರುತ್ತದೆ, ಸೌಟು ತಳ ಮುಟ್ಟಲಿ. ಮೊಟ್ಟೆ, ಮೀನು ತಿನ್ನುವವರಿಗೆ ಇದು ಇನ್ನೂ ಸುಲಭ. ಪ್ರೋಟೀನು ಜಾಸ್ತಿಯಾದಷ್ಟೂ ‘ಸಾಕು’ ಅನ್ನುವ ಹಾರ್ಮೋನುಗಳ ದನಿ ಏರುತ್ತದೆ.

ಅನ್ನದ ಬದಲು ಮುದ್ದೆ ತಿಂದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಅರ್ಧ ನಿಜ. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚು. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆಯೂ ಶುಗರ್ ಏರಿಸುತ್ತದೆ. ಹಿಂದಿನವರು ಅದನ್ನು ಉಂಡು ಹೊಲಕ್ಕೆ ಹೋಗುತ್ತಿದ್ದರು, ನಾವು ಸೋಫಾಕ್ಕೆ. ಒಂದು ಮುದ್ದೆ, ಜೊತೆಗೆ ಬಸ್ಸಾರು, ಸೊಪ್ಪಿನ ಪಲ್ಯ ಒಳ್ಳೆಯ ಜೋಡಿ. ಜೋಳದ ರೊಟ್ಟಿಗೆ ಮಡಕೆ ಕಾಳಿನ ಪಲ್ಯವೂ ಅಷ್ಟೇ.

ಪ್ಯಾಕೆಟ್ ತಿಂಡಿಯ ವಿಷಯಕ್ಕೆ ಬಂದರೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ 20 ಜನರನ್ನು ಉಳಿಸಿಕೊಂಡು ಎರಡು ವಾರ ಫ್ಯಾಕ್ಟರಿ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟರು. ಬೇಕಾದಷ್ಟು ತಿನ್ನಬಹುದಿತ್ತು. ಫ್ಯಾಕ್ಟರಿ ಆಹಾರ ತಿನ್ನುವಾಗ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು. ಸಂಜೆಗೆ ಬಿಸ್ಕತ್ತಿನ ಡಬ್ಬಿ ಬದಲು ಹುರಿದ ಶೇಂಗಾ ಒಂದು ಹಿಡಿ, ಇಲ್ಲವೇ ಮಜ್ಜಿಗೆ ಇಟ್ಟುಕೊಳ್ಳಿ. ಬಜ್ಜಿ ವಾರಕ್ಕೊಂದು ಸಲ ಇರಲಿ, ಮಳೆ ಬಂದ ದಿನ.

ಹೆಜ್ಜೆ 5: ನಿಧಾನಕ್ಕೆ ಉಣ್ಣಿ, ಎದ್ದು ನಡೆಯಿರಿ

ಕರುಳಿನ ಸುದ್ದಿ ಮಿದುಳಿಗೆ ಮುಟ್ಟಿ ತೃಪ್ತಿ ಆಗಲು 15-20 ನಿಮಿಷ ಬೇಕು. ಐದು ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿದರೆ ಸುದ್ದಿ ಬರುವಷ್ಟರಲ್ಲಿ ಎರಡನೇ ಸಲ ಬಡಿಸಿಕೊಂಡಾಗಿರುತ್ತದೆ. ಉಂಡು 10-15 ನಿಮಿಷ ನಡೆಯಿರಿ. ದುಡಿಯುವ ಸ್ನಾಯು ಹೆಚ್ಚು ಇನ್ಸುಲಿನ್ ಕೇಳದೆಯೇ ಸಕ್ಕರೆ ಎಳೆದುಕೊಳ್ಳುತ್ತದೆ.

ಹೆಜ್ಜೆ 6: ನಿದ್ದೆ ಕದಿಯಬೇಡಿ

ಷಿಕಾಗೊದಲ್ಲಿ 12 ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. 10 ಗಂಟೆ ಮಲಗಿದ್ದಾಗಿನ ಲೆಕ್ಕಕ್ಕೆ ಹೋಲಿಸಿದರೆ ಲೆಪ್ಟಿನ್ ಶೇ 18 ಇಳಿದಿತ್ತು, ಗ್ರೆಲಿನ್ ಶೇ 28 ಏರಿತ್ತು. ಸಿಹಿ, ಉಪ್ಪಿನ ತಿನಿಸುಗಳ ಆಸೆಯೂ ಹೆಚ್ಚಿತ್ತು. ಬರೀ ಎರಡು ರಾತ್ರಿಗೆ! ಬೆಂಗಳೂರಿನ ರಾತ್ರಿ ಪಾಳಿಯವರ ಪಾಡು ನೆನೆಸಿಕೊಳ್ಳಿ.

ಹೆಜ್ಜೆ 7: ಇಂಜೆಕ್ಷನ್ ಬೇಕೇ, ವೈದ್ಯರನ್ನು ಕೇಳಿ

ನಮ್ಮ ದೇಹದ ಜಿಎಲ್‌ಪಿ-1 ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತದೆ. ಅದನ್ನೇ ಹೋಲುವ, ವಾರವಿಡೀ ಉಳಿಯುವ ಔಷಧಗಳು ಬಂದಿವೆ. 2025ರಲ್ಲಿ ಮೊಂಜಾರೊ, ವೆಗೊವಿ ಭಾರತಕ್ಕೂ ಬಂದವು. ತೂಕ ಚೆನ್ನಾಗಿಯೇ ಇಳಿಯುತ್ತದೆ. ಆದರೆ ವೆಗೊವಿಯಲ್ಲಿರುವ ಸೆಮಾಗ್ಲುಟೈಡ್ ಮೇಲಿನ ಒಂದು ಅಧ್ಯಯನದಲ್ಲಿ, ಔಷಧ ನಿಲ್ಲಿಸಿದವರಿಗೆ ಇಳಿದ ತೂಕದ ಮೂರನೇ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತು. ವಾಕರಿಕೆ, ವಾಂತಿ ಸಾಮಾನ್ಯ. ಸ್ನಾಯುವೂ ಕರಗುತ್ತದೆ. ಗೆಳೆಯ ತಗೊಂಡ ಅಂತ ನೀವೂ ತೆಗೆದುಕೊಳ್ಳುವ ಔಷಧ ಇದಲ್ಲ.

ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಒಮ್ಮೆಲೇ ಅನ್ನ ಇಳಿಸಬೇಡಿ, ಶುಗರ್ ತೀರಾ ಕೆಳಗೆ ಹೋಗಬಹುದು. ಉಳಿದವರು ಇಂದಿನ ತಾರೀಖು ಹಾಕಿ ಆ ಐದು ಅಂಕಿಯ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ಮೂರು ತಿಂಗಳ ನಂತರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ಟೇಪು ಸುತ್ತಿ, ಪಕ್ಕದಲ್ಲೇ ಬರೆಯಿರಿ.