ವಿಯೆಟ್ನಾಂನಲ್ಲಿ ಮೊದಲ ಹತ್ತು ದಿನ: ಒಗ್ಗಿಕೊಳ್ಳಲು ನಾನು ಮಾಡಿದ್ದು

ಹುಬ್ಬಳ್ಳಿಯಿಂದ ಬೆನ್ನಿಗೊಂದು ಚೀಲ ಹಾಕಿಕೊಂಡು ಹೋದವರಿಗೆ ವಿಯೆಟ್ನಾಂ ಮೊದಲ ನಾಲ್ಕು ದಿನ ಚಂದವೇ ಕಾಣುತ್ತದೆ. ಐದು-ಆರನೇ ದಿನಕ್ಕೆ ಸಣ್ಣಸಣ್ಣದಕ್ಕೂ ಸಿಟ್ಟು, ರೂಮು ಬಿಟ್ಟು ಹೊರಬೀಳಲು ಬೇಸರ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ. ರಸ್ತೆ ದಾಟುವುದು, ಚಿಲ್ಲರೆ ಎಣಿಸುವುದು, ಊಟ ಕೇಳುವುದು ನಮ್ಮೂರಲ್ಲಿ ಕೈಕಾಲು ತಾವೇ ಮಾಡುವ ಕೆಲಸ. ಅಲ್ಲಿ ಪ್ರತಿಸಲ ತಲೆ ಓಡಿಸಬೇಕು, ಅದಕ್ಕೇ ದಣಿವು. ಹಾಗಾಗಿ ನೋಡುವ ಜಾಗಗಳ ಪಟ್ಟಿಗಿಂತ ಮೊದಲು, ದಿನಕ್ಕೆ ಎಷ್ಟು ಹೊಸತು ಎಂಬ ಲೆಕ್ಕ ಹಿಡಿದೆ.

ಹನೋಯ್‌ನಲ್ಲಿ ಮೂರು ರಾತ್ರಿ, ಅಲ್ಲಿಂದ 688 ಕಿಲೋಮೀಟರ್ ರೈಲಿನಲ್ಲಿ ಹ್ವೆ, ಹ್ವೆಯಲ್ಲಿ ನಾಲ್ಕು ರಾತ್ರಿ. ದಿನಕ್ಕೊಂದು ಊರು ಎಂದು ಓಡಿದರೆ ಪ್ರತಿದಿನ ಮೊದಲ ದಿನವೇ ಆಗುತ್ತದೆ. ಬೆಳಗಿನ ಕಾಫಿ ಒಂದೇ ಅಂಗಡಿಯಲ್ಲಿ, ಅದೇ ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಮೂರನೇ ದಿನ ಅಂಗಡಿಯಾಕೆ ಕೇಳದೆಯೇ ಲೋಟ ತಂದಿಡುತ್ತಾಳೆ. ಒಗ್ಗುವಿಕೆ ಅಲ್ಲಿಂದ ಶುರು.

ಊಟದ್ದೇ ದೊಡ್ಡ ತಾಪತ್ರಯ. "ಮಾಂಸ ಬೇಡ" ಎಂದರೆ ಸಾಲದು. ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಫೋ ಎಂಬ ನೂಡಲ್ಸ್ ಸಾರಿನ ತಳದಲ್ಲಿ ಎಲುಬು ಕುದ್ದಿರುತ್ತದೆ. ಮಾಡುವವರಿಗೆ ಅದು ಮಾಂಸವೇ ಅಲ್ಲ, ಉಪ್ಪಿನ ಹಾಗೆ. ಕೇಳಬೇಕಾದ ಮಾತು "ಚಯ್", ಬೌದ್ಧರ ಸಸ್ಯಾಹಾರ. ದನಿಯ ಆರು ಬಗೆಯ ಏರಿಳಿತದಿಂದ ಪದದ ಅರ್ಥವೇ ಬದಲಾಗುವ ಭಾಷೆಯಲ್ಲಿ ನಮ್ಮ ಉಚ್ಚಾರ ದಾರಿ ತಪ್ಪುತ್ತದೆ, ಆದ್ದರಿಂದ ಫೋನಿನಲ್ಲಿ ಅವರ ಲಿಪಿಯಲ್ಲೇ ಬರೆದಿಟ್ಟು ತೋರಿಸಿದೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾಸಿ-ಹುಣ್ಣಿಮಿಗೆ, ಅಲ್ಲಿ ಬಹಳ ಜನ ಚಯ್ ಉಣ್ಣುತ್ತಾರೆ. ಹ್ವೆಯಲ್ಲಂತೂ ಇಂಥ ಊಟದ ಮನೆಗಳಿಗೆ ಬರವಿಲ್ಲ.

ದಿನಕ್ಕೆ ಒಂದು ಊಟ ಮಾತ್ರ ನಮ್ಮ ರುಚಿಯದು. ಇಪ್ಪತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು ಅಗಸಿ ಹಿಂಡಿ ಕಾಲು ಕಾಲು ಕಿಲೋ. ಹಿಂಡಿಗೆ ಹಸಿ ಕೊಬ್ಬರಿ ಹಾಕಿಸಬೇಡಿ, ಆ ಸೆಕೆಗೆ ವಾಸನೆ ಹಿಡಿಯುತ್ತದೆ. ರೊಟ್ಟಿ ಇಡಿಯಾಗಿ ಉಳಿಯುತ್ತದೆಂಬ ಆಸೆ ಬಿಟ್ಟು ಮೊದಲೇ ಮುರಿದು ಡಬ್ಬಿಗೆ ತುಂಬಿದರೆ ಜಾಗವೂ ಉಳಿಯುತ್ತದೆ. ಮೊಸರಿನಲ್ಲಿ ನೆನೆಸಲು ಹೋದರೆ ಇನ್ನೊಂದು ಪೇಚು: ಅಲ್ಲಿ ಕಪ್ಪಿನಲ್ಲಿ ಮಾರುವ ಮೊಸರು ಸಾಮಾನ್ಯವಾಗಿ ಸಿಹಿ. "ಸಕ್ಕರೆ ಇಲ್ಲದ್ದು" ಎಂಬುದನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಬಿಳಿ ಅನ್ನ ಎಲ್ಲೆಡೆ ಸಿಗುತ್ತದೆ, ಅದರ ಮೇಲೆ ಹಿಂಡಿ ಉದುರಿಸಿದರೆ ಮುಗಿಯಿತು. ಮೂರೂ ಹೊತ್ತು ಡಬ್ಬಿಯಿಂದಲೇ ಉಂಡರೆ ಮಾತ್ರ ಹೋದ ಊರು ಹೊರಗೇ ಉಳಿಯುತ್ತದೆ.

ರಸ್ತೆಯಲ್ಲಿ ಗಾಡಿಗಳು ಬಲಗಡೆ ಓಡುತ್ತವೆ, ಮೊದಲು ಎಡಕ್ಕೆ ನೋಡಿ. ಚನ್ನಮ್ಮ ಸರ್ಕಲ್ಲಿನಲ್ಲಿ ಸಂದು ಸಿಕ್ಕ ಕೂಡಲೇ ಓಡುವ ರೂಢಿ ಅಲ್ಲಿ ಅಪಾಯ. ಮೋಟಾರ್‌ಬೈಕಿನವರು ನಿಮ್ಮ ನಡಿಗೆಯ ವೇಗ ಅಂದಾಜಿಸಿ ಬಳಸಿಕೊಂಡು ಹೋಗುತ್ತಾರೆ. ನಡುವೆ ನಿಂತರೆ, ಹಿಂದೆ ಸರಿದರೆ ಆ ಅಂದಾಜು ಕೆಡುತ್ತದೆ. ಒಂದೇ ಸಮನೆ, ನಿಧಾನ. ಬಸ್ಸು, ಕಾರಿಗೆ ಈ ಲೆಕ್ಕ ಇಲ್ಲ, ಅವು ದಾಟಿದ ಮೇಲೆಯೇ ಇಳಿಯಿರಿ.

20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ. ಸಂಜೆಗತ್ತಲಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಇಪ್ಪತ್ತೈದು ಪಟ್ಟು ಕೈಬಿಟ್ಟಂತೆ. ದೊಡ್ಡ ನೋಟು ಬೇರೆ ಕಿಸೆಯಲ್ಲಿಟ್ಟೆ. ಬೆಲೆ ಹೇಳುವಾಗ ಸಾವಿರ ನುಂಗಿಬಿಡುತ್ತಾರೆ. "ಐವತ್ತು" ಎಂದರೆ 50,000.

ಹೆಚ್ಚು ಗೊಂದಲ ಎಬ್ಬಿಸುವುದು ನಮ್ಮ ಗೋಣು. "ಆತು, ಇರಲಿ" ಎಂದು ನಾವು ಗೋಣು ಅತ್ತಿತ್ತ ಆಡಿಸಿದರೆ ಅವರಿಗೆ ಅದು "ಬೇಡ". ಅವರು ಅಂಗೈ ತಿರುತಿರುಗಿಸಿದರೆ "ಇಲ್ಲ" ಎಂದರ್ಥ, ನಮಗೆ ಅದು "ಏನ್ರಿ?" ಎಂದು ಕೇಳಿದ ಹಾಗೆ. ಹೌದಿಗೆ ಮೇಲೆ-ಕೆಳಗೆ ಮಾತ್ರ ಎಂದು ರೂಢಿ ಮಾಡಿಕೊಳ್ಳಲು ಎರಡು ದಿನ ಹಿಡಿಯುತ್ತದೆ. ಮಾತು ತಿಳಿಯದೆ ಮುಜುಗರವಾದಾಗಲೂ ಅವರು ನಗುತ್ತಾರೆ. ಅದನ್ನು ಕುಚೇಷ್ಟೆ ಎಂದು ತಿಳಿದು ಸಿಟ್ಟಾಗುವುದು ಆರನೇ ದಿನದ ದಣಿವಿನ ಲಕ್ಷಣ.

ಪರಿಚಯವಾದ ಎರಡನೇ ಮಾತಿಗೇ ವಯಸ್ಸು ಕೇಳುತ್ತಾರೆ. ಅಧಿಕಪ್ರಸಂಗ ಅಲ್ಲ. "ನಾನು-ನೀನು" ಎನ್ನುವ ಕಡೆ ಆ ಭಾಷೆಯಲ್ಲಿ ಸಂಬಂಧದ ಹೆಸರೇ ಬರಬೇಕು: ಅಣ್ಣನಿಗೆ ಆನ್, ಅಕ್ಕನಿಗೆ ಚಿ, ಕಾಕಾಗೆ ಚು, ಕಿರಿಯರಿಗೆ ಎಮ್. ವಯಸ್ಸು ತಿಳಿಯದೆ ಮಾತೇ ಹೊರಡದು. ಕಾಯಿಪಲ್ಲೆ ಮಾರುವವಳನ್ನೂ "ಅಕ್ಕಾರ" ಎನ್ನುವ ನಮಗೆ ಇದು ಎಲ್ಲಕ್ಕಿಂತ ಸುಲಭದ ಪಾಠ, ಆದ್ದರಿಂದ ಮೊದಲು ಇದನ್ನೇ ಕಲಿತೆ.

ಮನೆಗೆ ಫೋನು ದಿನಕ್ಕೊಮ್ಮೆ, ಹತ್ತೇ ನಿಮಿಷ. ಅಲ್ಲಿ ರಾತ್ರಿ ಎಂಟೂವರೆ ಎಂದರೆ ಇಲ್ಲಿ ಏಳು. ತಾಸುಗಟ್ಟಲೆ ಮಾತಾಡಿದ ರಾತ್ರಿಯ ಮರುದಿನವೇ ರೂಮು ಬಿಟ್ಟು ಏಳಲು ಹೆಚ್ಚು ಕಷ್ಟ.