ಎಸ್‌ಆರ್‌ವೈ ಜೀನಿನ ಮೂಲ ಹುಡುಕುವ ಪಾಠ

ಕಾಸರಗೋಡಿನಲ್ಲಿ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಟುಗೆ ಬರುವ ಮಕ್ಕಳಿಗೆ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಎಕ್ಸ್‌ಎಕ್ಸ್ ಆದರೆ ಹೆಣ್ಣು, ಎಕ್ಸ್‌ವೈ ಆದರೆ ಗಂಡು ಎಂಬಲ್ಲಿಗೆ ಪಾಠ ಮುಗಿಸಲು ಮನಸ್ಸಾಗುವುದಿಲ್ಲ. ವೈ ಕ್ರೋಮೋಸೋಮಿನಲ್ಲಿದ್ದು ಗಂಡಾಗಿಸುವ ಎಸ್‌ಆರ್‌ವೈ ಜೀನ್ ಎಲ್ಲಿಂದ ಬಂತೆಂದು ಮಕ್ಕಳೇ ಹುಡುಕಬೇಕು.

ಅದಕ್ಕೆ ಕಂಪ್ಯೂಟರ್ ಲ್ಯಾಬ್ ಸಾಕು. ಯುನಿಪ್ರಾಟ್ ಎಂಬ ಉಚಿತ ಸಂಗ್ರಹದಿಂದ ಮೂರು ಪ್ರೋಟೀನ್‌ಗಳ ಅಕ್ಷರಸಾಲು (ಒಂದು ಅಕ್ಷರವೆಂದರೆ ಒಂದು ಅಮೈನೋ ಆಮ್ಲ) ಇಳಿಸಿಕೊಳ್ಳುತ್ತೇವೆ: ಮನುಷ್ಯನ ಎಸ್‌ಆರ್‌ವೈ, ಇಲಿಯ (ಮೌಸ್) ಎಸ್‌ಆರ್‌ವೈ, ಮನುಷ್ಯನ ಎಕ್ಸ್ ಕ್ರೋಮೋಸೋಮಿನಲ್ಲಿರುವ ಸಾಕ್ಸ್3 ಜೀನಿನದು. ಎಸ್‌ಆರ್‌ವೈಯನ್ನು 1990ರಲ್ಲಿ ಲಂಡನ್ನಿನ ಸಂಶೋಧಕರು ಪತ್ತೆಹಚ್ಚಿದರು. ಮರುವರ್ಷ ಅದನ್ನು ಎಕ್ಸ್‌ಎಕ್ಸ್ ಇಲಿಭ್ರೂಣಕ್ಕೆ ಸೇರಿಸಿದಾಗ ಗಂಡಿಲಿಯೇ ಬೆಳೆಯಿತು.

ಮೂರನ್ನೂ ಸಾಲುಗಳನ್ನು ಹೋಲಿಸುವ ಕ್ಲಸ್ಟಲ್ ಒಮೇಗಾ ತಂತ್ರಾಂಶದಲ್ಲಿ ಜೋಡಿಸಿದರೆ ಸುಮಾರು 80 ಅಕ್ಷರಗಳ ಒಂದು ತುಂಡಿನ ಕೆಳಗೆ, ಮೂರರಲ್ಲೂ ಅಕ್ಷರ ಒಂದೇ ಎಂದು ತೋರಿಸುವ ನಕ್ಷತ್ರಗಳು ಒತ್ತೊತ್ತಾಗಿ ಬೀಳುತ್ತವೆ. ಡಿಎನ್‌ಎಯನ್ನು ಹಿಡಿದು ಬಾಗಿಸುವ ಎಚ್‌ಎಂಜಿ ಬಾಕ್ಸ್ ಅದು. ಆಚೀಚೆ ಬಹುಪಾಲು ಖಾಲಿ. ಇಲ್ಲಿ ನಾನು ಅವಸರ ಮಾಡುವುದಿಲ್ಲ. ಮನುಷ್ಯನ ಎಸ್‌ಆರ್‌ವೈ 204 ಅಮೈನೋ ಆಮ್ಲ, ಇಲಿಯದ್ದು 395, ಅದರ ಬಾಲದ ತುಂಬ ಗ್ಲುಟಮಿನ್ ಎಂಬ ಅಮೈನೋ ಆಮ್ಲ. ಕೆಲಸ ಒಂದೇ ಆದರೂ ಬಾಕ್ಸಿನ ಹೊರಗೆ ಎರಡಕ್ಕೂ ಹೋಲಿಕೆಯಿಲ್ಲ. ಇಷ್ಟು ವೇಗವಾಗಿ ಬದಲಾಗುವ ಜೀನಿನ ಬೇರು ಆ ಬಾಕ್ಸಿನಲ್ಲಷ್ಟೇ ಉಳಿದಿದೆ, ಅದು ಸಾಕ್ಸ್3ರತ್ತ, ಅಂದರೆ ಎಸ್‌ಆರ್‌ವೈ ಹುಟ್ಟಿಬಂದ ಹಳೆಯ ಜೀನಿನತ್ತ, ಬೆರಳು ತೋರಿಸುತ್ತದೆ.

ಹೋಲಿಕೆ ಮಾತ್ರದಿಂದ ನಂಬಬೇಡಿ ಎಂದು ಹೇಳಿ, 2011ರ ಪ್ರಯೋಗವನ್ನು ವಿವರಿಸುತ್ತೇನೆ. ಎಕ್ಸ್‌ಎಕ್ಸ್ ಇಲಿಭ್ರೂಣದ ಜನನಗ್ರಂಥಿಯಲ್ಲಿ ಸಾಕ್ಸ್3 ಸಕ್ರಿಯವಾದಾಗ ಅಲ್ಲಿ ವೃಷಣ ಬೆಳೆಯಿತು. ಅಂದರೆ ಹಳೆಯ ಜೀನಿಗೆ ಹೊಸ ವಿದ್ಯೆ ಬೇಕಿರಲಿಲ್ಲ. ಹೊಸ ಜಾಗದಲ್ಲಿ, ಸರಿಯಾದ ಹೊತ್ತಿಗೆ ಎಚ್ಚರಗೊಂಡರೆ ಸಾಕಿತ್ತು. ಇಡೀ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

"ಟೀಚರ್, ಎಲ್ಲ ಸಸ್ತನಿಗಳಿಗೂ ಎಸ್‌ಆರ್‌ವೈ ಉಂಟಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊಟ್ಟೆಯಿಡುವ ಸಸ್ತನಿಯಾದ ಪ್ಲಾಟಿಪಸ್‌ಗೆ ಇಲ್ಲ. ಅದರ ಗಂಡಿಗೆ ಐದು ಎಕ್ಸ್, ಐದು ವೈ. ಅವುಗಳ ನೆಂಟಸ್ತಿಕೆ ಹಕ್ಕಿಗಳ ಲಿಂಗ ನಿರ್ಧರಿಸುವ ಝಡ್ ಕ್ರೋಮೋಸೋಮಿನೊಂದಿಗೆ. ಸಾಕ್ಸ್3 ಅದರಲ್ಲಿ ಲಿಂಗಕ್ಕೆ ಸಂಬಂಧವಿಲ್ಲದ ಆರನೇ ಕ್ರೋಮೋಸೋಮಿನಲ್ಲಿದೆ. ಹಾಗಾಗಿ ನಮ್ಮ ಎಕ್ಸ್‌ವೈ ಪದ್ಧತಿ ಪ್ಲಾಟಿಪಸ್ ವಂಶ ಕವಲೊಡೆದ ಮೇಲಿನದು.

ಜಪಾನಿನ ಅಮಾಮಿ ಮುಳ್ಳಿಲಿಯಲ್ಲಂತೂ ವೈ ಕ್ರೋಮೋಸೋಮೂ ಎಸ್‌ಆರ್‌ವೈಯೂ ಕಳೆದೇಹೋಗಿವೆ. ಗಂಡುಗಳಲ್ಲಿ ಮಾತ್ರ, ವೃಷಣ ಬೆಳೆಸುವ ಸಾಕ್ಸ್9 ಜೀನಿನ ಹತ್ತಿರ ಸುಮಾರು 17,000 ಡಿಎನ್‌ಎ ಬೇಸ್‌ಗಳ ತುಂಡೊಂದು ಇಮ್ಮಡಿಯಾಗಿದೆ ಎಂದು 2022ರಲ್ಲಿ ಗೊತ್ತಾಯಿತು. ನಮ್ಮಲ್ಲಿ ಎಸ್‌ಆರ್‌ವೈ ಎಬ್ಬಿಸುವುದೂ ಇದೇ ಸಾಕ್ಸ್9ನ್ನು. ಅದನ್ನು ನಾಲ್ಕನೆಯ ಸಾಲಾಗಿ ಸೇರಿಸಿ ಮತ್ತೆ ಜೋಡಿಸಲು ಹೇಳುತ್ತೇನೆ. ಅದರಲ್ಲೂ ಅದೇ ಬಾಕ್ಸ್ ಸಿಗುತ್ತದೆ.